ಸಾಂತಾಗೆ ಯಾಕೆ ಕಪ್ಪು ಬಳಿದಿರಿ ಅಂತ ಕೇಳುವವರಿಗೆ

ಬಳಿಯುವುದು ಗೋಡೆಗೆ ಸುಣ್ಣ, ಆಗದವರ ಮುಖಕ್ಕೆ ಮಸಿ. ಗೊಂಬೆಗೆ ಬಣ್ಣ ಹಚ್ಚುತ್ತಾರೆ. ಕಂದು ಮೈಬಣ್ಣದ ಸಾಂತಾ ಕ್ಲಾಸ್ ಕಂಡ ಕೂಡಲೇ "ಇದಕ್ಕೆ ಯಾಕೆ ಕಪ್ಪು ಬಳಿದಿರಿ?" ಅನ್ನುವವರು, ಪಕ್ಕದಲ್ಲೇ ಕೂತ ಗುಲಾಬಿ ಮುಖದ ಗೊಂಬೆಯನ್ನು ತೋರಿಸಿ "ಇದಕ್ಯಾಕೆ ಗುಲಾಬಿ ಬಳಿದಿರಿ?" ಅಂತ ಇಲ್ಲಿಯವರೆಗೆ ಕೇಳಿಲ್ಲ. ಅಚ್ಚಿನಿಂದ ಹೊರಬಂದಾಗ ಎರಡೂ ಬೂದು ರೆಸಿನ್ನೇ, ಅಂದರೆ ಅಚ್ಚಿಗೆ ಸುರಿದು ಗಟ್ಟಿ ಮಾಡುವ ಪ್ಲಾಸ್ಟಿಕ್ಕೇ. ಗುಲಾಬಿಯೂ ಟ್ಯೂಬಿನಿಂದಲೇ ಬರುತ್ತದೆ ಸ್ವಾಮಿ.

ಅದರ ಬೆನ್ನಿಗೇ ಬರುವುದು "ಮೂಲ ಸಾಂತಾ ಬಿಳಿಯನಲ್ಲವೇ?" ಯಾವ ಮೂಲ? ಸಾಂತಾ ಕತೆಗೆ ಬೇರಾದ ಸಂತ ನಿಕೋಲಸ್ 4ನೇ ಶತಮಾನದಲ್ಲಿ ಮೈರಾದ ಬಿಷಪ್ ಆಗಿದ್ದವನು. ಅದು ಈಗಿನ ಟರ್ಕಿಯ ದೆಮ್ರೆ, ಮೆಡಿಟರೇನಿಯನ್ ಕರಾವಳಿ. ಹಿಮಸಾರಂಗ ಓಡಾಡುವ ಊರಲ್ಲ. ಅವನ ಕಾಲದಲ್ಲಿ ಬರೆದ ಚಿತ್ರ ಒಂದೂ ಉಳಿದಿಲ್ಲ. ಇನ್ನು ಕೆಲವರು 1823ರಲ್ಲಿ ಅಮೆರಿಕದಲ್ಲಿ ಅಚ್ಚಾದ ಪದ್ಯವನ್ನು ಹಿಡಿದುಕೊಂಡು ಬರುತ್ತಾರೆ. ಅದರಲ್ಲಿ ಸಾಂತಾನ ಕೆನ್ನೆ ಗುಲಾಬಿಯಂತೆ ಅಂತಿದೆ, ಒಪ್ಪಿದೆ. ಆದರೆ ಅದೇ ಪದ್ಯದಲ್ಲಿ ಅವನು ಪುಟಾಣಿ ಗಾಡಿಯಲ್ಲಿ ಬರುವ ಕುಳ್ಳ, ತಲೆಯಿಂದ ಕಾಲಿನವರೆಗೆ ತುಪ್ಪಳದ ಉಡುಪು, ಅದರ ತುಂಬ ಬೂದಿ ಮತ್ತು ಮಸಿ. ಆರಡಿ ಎತ್ತರದ, ಇಸ್ತ್ರಿ ಹಾಕಿದ ಕೆಂಪು ಕೋಟಿನ ಸಾಂತಾ ಎದುರಾದಾಗ ಯಾರೂ ಪದ್ಯ ಬಿಚ್ಚಿ ತಕರಾರು ತೆಗೆಯುವುದಿಲ್ಲ. 1863ರಲ್ಲಿ ಅಮೆರಿಕದ ವ್ಯಂಗ್ಯಚಿತ್ರಕಾರ ಥಾಮಸ್ ನ್ಯಾಸ್ಟ್ ಅವನಿಗೆ ಅಮೆರಿಕದ ಧ್ವಜದ ಪಟ್ಟೆ, ನಕ್ಷತ್ರ ತೊಡಿಸಿ ಸೈನಿಕರ ಶಿಬಿರದಲ್ಲಿ ಕೂರಿಸಿದ. ಇವತ್ತು ಎಲ್ಲರ ಕಣ್ಣಲ್ಲಿ ಕೂತಿರುವ ದಪ್ಪ ತಾತನನ್ನು ಚಿತ್ರಕಾರ ಹ್ಯಾಡನ್ ಸಂಡ್‌ಬ್ಲಮ್ 1931ರಿಂದ ಕೋಕಾ-ಕೋಲಾ ಜಾಹೀರಾತಿಗೆ ಬರೆಯುತ್ತ ಬಂದ. ಎತ್ತರ ಬದಲಾಯಿತು, ಬಟ್ಟೆ ಬದಲಾಯಿತು. ಚರ್ಮದ ಹತ್ತಿರ ಬಂದಾಗ ಮಾತ್ರ ಎಲ್ಲರಿಗೂ ಸಂಪ್ರದಾಯ ನೆನಪಾಗುತ್ತದೆ.

ನಿಜವಾಗಿಯೂ ಬಳಿದ ಕತೆ ಬೇಕಿದ್ದರೆ ನೆದರ್ಲೆಂಡ್ಸ್ ನೋಡಿ. 1850ರಲ್ಲಿ ಯಾನ್ ಸ್ಖೆಂಕ್‌ಮನ್ ಎಂಬ ಶಿಕ್ಷಕ ಬರೆದ ಮಕ್ಕಳ ಚಿತ್ರಪುಸ್ತಕದಲ್ಲಿ ಸಿಂಟರ್‌ಕ್ಲಾಸ್‌ಗೆ, ಅಂದರೆ ಅಲ್ಲಿನವರ ಸಂತ ನಿಕೋಲಸ್‌ಗೆ, ಒಬ್ಬ ಕಪ್ಪು ಸೇವಕ ಸಿಕ್ಕಿದ. ಅವನೇ ಮುಂದೆ ಜ್ವಾರ್ಟೆ ಪೀಟ್, ಅಂದರೆ ಕಪ್ಪು ಪೀಟ್. ಬಿಳಿಯರು ಮುಖ ಪೂರ್ತಿ ಕಪ್ಪು ಮಾಡಿಕೊಂಡು, ತುಟಿಗೆ ಕೆಂಪು ಹಚ್ಚಿ, ಗುಂಗುರು ವಿಗ್ ಹಾಕಿ, ಕಿವಿಗೆ ಬಂಗಾರದ ರಿಂಗ್ ಸಿಕ್ಕಿಸಿಕೊಂಡು ಬೀದಿಗಿಳಿಯುತ್ತಿದ್ದರು. ಕೇಳಿದರೆ "ಚಿಮಣಿಯಿಂದ ಇಳಿದನಲ್ಲ, ಮಸಿ ಹತ್ತಿದೆ" ಎಂಬ ಸಮಜಾಯಿಷಿ. ಬಟ್ಟೆಗೆ ಹತ್ತದೆ, ತುಟಿ ಕೆಂಪಗೆ ಮಾಡಿ, ಕೂದಲನ್ನೂ ಸುರುಳಿ ಸುತ್ತುವ ಮಸಿ! ವರ್ಷಗಟ್ಟಲೆ ಪ್ರತಿಭಟನೆ ನಡೆದ ಮೇಲೆ, 2019ರಲ್ಲಿ ಟಿವಿಯಲ್ಲಿ ಬರುವ ರಾಷ್ಟ್ರೀಯ ಮೆರವಣಿಗೆಯ ಪೀಟ್‌ಗಳೆಲ್ಲ ಕೆನ್ನೆಯ ಮೇಲೆ ನಾಲ್ಕು ಗೀರು ಮಸಿ ಮಾತ್ರ ಹಚ್ಚಿಕೊಂಡು ಬಂದರು. ಮಸಿ ಕೊನೆಗೂ ಮಸಿಯಂತೆ ಕಂಡಿತು. ಅಲ್ಲಿ ಒಂದು ಜನಾಂಗವನ್ನೇ ವೇಷವಾಗಿ ತೊಟ್ಟು ಆಳಿನ ಪಾತ್ರಕ್ಕೆ ನಿಲ್ಲಿಸಿದ್ದರು. ಇಲ್ಲಿ ತಾತನೇ ಕಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕೇಳಲೇಬೇಕೆಂದಿದ್ದರೆ ಇದನ್ನು ಕೇಳಿ: ಕಂದು ಸಾಂತಾ ಗೊಂಬೆಗಳಲ್ಲಿ ಎಷ್ಟೋ ಮುಖಗಳು ಬೂದಿ ಹೊಡೆದಂತೆ ಯಾಕೆ ಕಾಣುತ್ತವೆ?

ಗುಲಾಬಿ ಮೈಬಣ್ಣಕ್ಕೇ ಕಪ್ಪು ಬೆರೆಸಿ ಮುಗಿಸುತ್ತಾರೆ, ಅದಕ್ಕೆ. ಗುಲಾಬಿಯಲ್ಲಿ ಬಿಳಿ ಇದೆ. ಬಿಳಿಗೆ ಕಪ್ಪು ಸೇರಿದರೆ ಬೂದು, ಬೇರೇನೂ ಹುಟ್ಟುವುದಿಲ್ಲ. ಅಕ್ರಿಲಿಕ್‌ನಲ್ಲಿ ಬರ್ನ್ಟ್ ಸಿಯೆನ್ನಾ (ಕೆಂಪುಗಂದು) ಎರಡು ಭಾಗ, ಬರ್ನ್ಟ್ ಅಂಬರ್ (ಕಡುಗಂದು) ಒಂದು ಭಾಗ, ಯೆಲ್ಲೋ ಓಕರ್ (ಮಣ್ಣುಹಳದಿ) ಕಾಲು ಭಾಗದಿಂದ ಶುರು ಮಾಡಿ. ಒಣಗಿದ ಮೇಲೆ ಬಣ್ಣ ಇನ್ನೊಂದಿಷ್ಟು ಗಾಢವಾಗುತ್ತದೆ, ಆದ್ದರಿಂದ ಮೊದಲು ತುಂಡು ರೆಸಿನ್ ಮೇಲೆ ಹಚ್ಚಿ, ಒಣಗಿಸಿ ನೋಡಿ. ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲಿನ ಲೇಪ, ಬಿಳಿ ಬೇಡ, ಮೂಗಿನ ತುದಿಯಲ್ಲಿ, ಕಿವಿಯ ಅಂಚಿನಲ್ಲಿ ಇಣುಕುತ್ತದೆ. ಕಂದು ಪ್ರೈಮರ್ ಹಾಕಿ. ಕಣ್ಣಿನ ಗುಳಿ, ಮೂಗಿನ ಪಕ್ಕದ ನೆರಳಿಗೆ ಅಂಬರ್ ಜೊತೆ ಚಿಟಿಕೆ ಅಲ್ಟ್ರಾಮರೀನ್ ನೀಲಿ. ಹಣೆ, ಕೆನ್ನೆಯ ಉಬ್ಬಿಗೆ ಬೆಳಕು ಕೊಡಲು ಕೈ ತಾನಾಗಿ ಬಿಳಿಯ ಕಡೆ ಹೋಗುತ್ತದೆ, ತಡೆಯಿರಿ. ಮೂಲ ಮಿಶ್ರಣಕ್ಕೆ ಓಕರ್, ತುಸು ಕಿತ್ತಳೆ ಸೇರಿಸಿದರೆ ಮುಖ ಬೆಚ್ಚಗಾಗುತ್ತದೆ.

ಕೆನ್ನೆಯ ಕೆಂಪಿಗೆ ತಿಳಿ ಗುಲಾಬಿ ಹಚ್ಚಿದರೆ ಸೀಮೆಸುಣ್ಣ ಮೆತ್ತಿದಂತೆ ಕಾಣುತ್ತದೆ. ಗಾಢ ಕ್ರಿಮ್ಸನ್ (ನೀಲಿ ಛಾಯೆಯ ಕೆಂಪು) ಅನ್ನು ನೀರಾಗಿ ಮಾಡಿ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಮೂರು ತೆಳು ಲೇಪ ಕೊಡಿ. ತುಟಿಗೂ ಅದೇ, ಸಿಯೆನ್ನಾ ಬೆರೆಸಿ. ಕಡುಗೆಂಪು ತುಟಿ ಇಟ್ಟಿರೋ, ಮೇಲೆ ಹೇಳಿದ ಪೀಟ್ ವಾಪಸ್ ಬಂದ. ಅಂಗೈ ಮಾತ್ರ ಎರಡು ಮೆಟ್ಟಿಲು ತಿಳಿಯಾಗಿರಲಿ. ಇದನ್ನು ಮರೆಯುವವರೇ ಹೆಚ್ಚು.

ಗಡ್ಡ ಇನ್ನೊಂದು ತಾಪತ್ರಯ. ಕಂದು ಕೆನ್ನೆಯ ಪಕ್ಕ ಅಚ್ಚ ಬಿಳಿ ಇಟ್ಟರೆ ಹತ್ತಿ ಅಂಟಿಸಿದಂತಿರುತ್ತದೆ. ಬುಡಕ್ಕೆ ಬೂದುಗಂದು, ಅದರ ಮೇಲೆ ದಂತವರ್ಣವನ್ನು ಒಣ ಕುಂಚದಲ್ಲಿ ಉಜ್ಜಿ, ತುದಿಗೆ ಮಾತ್ರ ಬಿಳಿ. ಗಡ್ಡ ಚರ್ಮಕ್ಕೆ ತಾಗುವಲ್ಲಿ ಒಂದು ಮಿಲಿಮೀಟರ್ ಎರಡೂ ಬಣ್ಣ ಕಲೆಯಬೇಕು.

ಇಷ್ಟೆಲ್ಲ ಸರಿ ಮಾಡಿ ಕೊನೆಗೆ ಮ್ಯಾಟ್ ವಾರ್ನಿಶ್ ದಪ್ಪಗೆ ಹೊಡೆದು ಹಾಳು ಮಾಡುವವರಿದ್ದಾರೆ. ಹೊಳಪು ಕೊಲ್ಲಲು ಅದರಲ್ಲಿ ಬೆರೆಸಿರುವ ನುಣ್ಣನೆ ಪುಡಿ ಗಾಢ ಬಣ್ಣದ ಮೇಲೆ ಮಂಜಿನಂತೆ ಕೂರುತ್ತದೆ. ಗುಲಾಬಿ ಮುಖದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಚರ್ಮಕ್ಕೆ ಅರೆಹೊಳಪಿನ ಸ್ಯಾಟಿನ್ ವಾರ್ನಿಶ್, ಒಂದೇ ತೆಳು ಲೇಪ.

ಅಂದಹಾಗೆ ಕಪ್ಪು ಟ್ಯೂಬಿನ ಮುಚ್ಚಳ ತೆಗೆಯುವುದು ಬೂಟಿಗೆ, ಬೆಲ್ಟಿಗೆ, ಕಣ್ಣಿನ ಪಾಪೆಗೆ. ಗುಲಾಬಿ ಸಾಂತಾನಿಗೂ ಅಷ್ಟೇ ಬೇಕಾಗುತ್ತದೆ.