ಗುಡ್ಡ ಕೊರೆದು ಕಾಫಿಗೆ ದಾರಿ ಹುಡುಕಿದ ಎಂಜಿನಿಯರ್

ಕಾಫಿ ಬೆಳೆದರೆ ಸಾಲದು, ಘಟ್ಟ ಇಳಿಸಬೇಕು. ಕೊಡಗಿನವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ನಮ್ಮ ಜಿಲ್ಲೆಯಲ್ಲಿ ಇವತ್ತಿಗೂ ರೈಲು ಹಳಿ ಇಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಜರಿದಾಗ ಸಂಪಾಜೆ ಘಾಟಿಯೇ ಮುಚ್ಚಿಹೋಯಿತು. ಅದಕ್ಕೇ ಕೊಲಂಬಿಯಾದ ಅಲೆಹಾಂಡ್ರೊ ಲೋಪೆಸ್ ಅವರ ಬದುಕು ನಮ್ಮ ಬೆಳೆಗಾರರಿಗೆ ಗೊತ್ತಿರಬೇಕು ಅನ್ನಿಸುತ್ತದೆ.

ಲೋಪೆಸ್ ಹುಟ್ಟಿದ್ದು 1876ರಲ್ಲಿ, ಆಂಟಿಯೋಕಿಯಾ ಪ್ರಾಂತ್ಯದ ಮೆಡೆಯಿನ್‌ನಲ್ಲಿ. ಅಲ್ಲಿನ ಗಣಿ ಶಾಲೆಯಲ್ಲಿ ಓದಿ, 1899ರ ಪ್ರಬಂಧಕ್ಕೆ ಅವರು ಎತ್ತಿಕೊಂಡ ವಿಷಯ ಲಾ ಕಿಯೆಬ್ರಾ ಗುಡ್ಡವನ್ನು ರೈಲು ದಾಟುವುದು ಹೇಗೆ ಎಂಬುದು. ಮಗ್ದಲೇನಾ ನದಿಯ ಬಂದರಿನಿಂದ ಮೆಡೆಯಿನ್‌ಗೆ ಹಳಿ ಹಾಕುವ ಕರಾರು ಆಗಿದ್ದು 1874ರಲ್ಲಿ. ಮುಂದೆ ಗುಡ್ಡದ ಎರಡೂ ಮಗ್ಗುಲಿಗೆ ಹಳಿ ಬಂತು, ನಡುವೆ ಗುಡ್ಡ ಮಾತ್ರ ಹಾಗೇ ಉಳಿಯಿತು. ಈಚೆ ಮೂಟೆ ಇಳಿಸಿ, ರಸ್ತೆಯಲ್ಲಿ ಗುಡ್ಡ ಹತ್ತಿಸಿ, ಆಚೆ ಮತ್ತೆ ವ್ಯಾಗನ್‌ಗೆ ಏರಿಸಬೇಕು. ಎರಡು ಸಲ ಹಮಾಲಿ, ಜೊತೆಗೆ ಮಳೆಯಲ್ಲಿ ಕಾಯುವುದು. ಶೇ 10-12ರ ತೇವಕ್ಕೆ ಒಣಗಿಸಿದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ಒಳಗಿನ ತೆಳು ಹೊಟ್ಟು ಉಳಿಸಿದ ಕಾಫಿ ಬೀಜ) ಹೀಗೆ ಕಾದರೆ ತಂಡಿ ಹೀರಿ ಬೂಸ್ಟು ಹಿಡಿಯುತ್ತದೆ, ಬೀಜದ ಬಣ್ಣ ಮಾಸುತ್ತದೆ, ಕಪ್‌ನಲ್ಲಿ ಮುಗ್ಗು ವಾಸನೆ ಬರುತ್ತದೆ.

ಗುಡ್ಡದ ಮೇಲೇ ಹಳಿ ಹತ್ತಿಸಬಾರದೆ? ಲೆಕ್ಕ ಹಾಕಿ ನೋಡಿ. ಮಟ್ಟಸ ಹಳಿಯಲ್ಲಿ ಒಂದು ಟನ್ ಎಳೆಯಲು ಸುಮಾರು 5 ಕೆ.ಜಿ. ಬಲ ಸಾಕು. 100 ಮೀಟರಿಗೆ 3 ಮೀಟರ್ ಏರಿದರೆ ಅದಕ್ಕೆ 30 ಕೆ.ಜಿ. ಸೇರಿ 35 ಆಗುತ್ತದೆ. ಅದೇ ಎಂಜಿನ್ ಏಳರಲ್ಲಿ ಒಂದು ಪಾಲು ಭಾರವನ್ನಷ್ಟೇ ಎಳೆದೀತು, ಎಂಜಿನ್‌ನ ಸ್ವಂತ ತೂಕ ಹಿಡಿದರೆ ಇನ್ನೂ ಕಡಿಮೆ.

ಲೋಪೆಸ್ ಸುರಂಗವೇ ಸರಿ ಎಂದರು. ಅದೂ ಸುಲಭವಲ್ಲ. ಕಿಲೋಮೀಟರುಗಟ್ಟಲೆ ಉದ್ದದ ಸುರಂಗವನ್ನು ಸಾಮಾನ್ಯವಾಗಿ ಎರಡೂ ಬಾಯಿಯಿಂದ ತೋಡುತ್ತಾರೆ. ಸರ್ವೆಯಲ್ಲಿ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು ದಿಕ್ಕು ತಪ್ಪಿದರೂ ಎರಡು ಕಿಲೋಮೀಟರ್ ಒಳಗೆ ಹೋಗುವಷ್ಟರಲ್ಲಿ ಅರ್ಧ ಮೀಟರಿಗೂ ಹೆಚ್ಚು ಆಚೀಚೆ ಆಗುತ್ತದೆ. ಒಸರುವ ನೀರು ತಾನಾಗಿ ಹೊರಗೆ ಹರಿಯುವಷ್ಟು ಇಳಿಜಾರು ಬೇಕು. ಉಗಿಬಂಡಿಯ ಹೊಗೆಗೂ ದಾರಿ ಬೇಕು. 3.7 ಕಿ.ಮೀ. ಉದ್ದದ ಆ ಸುರಂಗ ತೆರೆದಿದ್ದು 1929ರಲ್ಲಿ, ಪ್ರಬಂಧ ಬರೆದು 30 ವರ್ಷವಾದ ಮೇಲೆ.

ಅಷ್ಟು ಹೊತ್ತಿಗೆ ಲೋಪೆಸ್ ಲಿಬರಲ್ ಪಕ್ಷದ ರಾಜಕಾರಣಿಯಾಗಿ ಹೆಸರು ಮಾಡಿ ಲಂಡನ್‌ನಲ್ಲಿದ್ದರು. 1935ರಿಂದ 1937ರವರೆಗೆ ಕೊಲಂಬಿಯಾದ ಕಾಫಿ ಬೆಳೆಗಾರರ ಒಕ್ಕೂಟವನ್ನೂ ನಡೆಸಿದರು. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ 1927ರ ಪುಸ್ತಕ. ಆಂಟಿಯೋಕಿಯಾದ ವಲಸೆಯ ಚರಿತ್ರೆಯನ್ನು ಅವರು ಕೊಡಲಿ ಹಿಡಿದು ಕಾಡು ಕಡಿದವನಿಗೂ ಜಮೀನು ತನ್ನದೆಂದು ಮುದ್ರೆ ಕಾಗದ ಹಿಡಿದು ಬಂದವನಿಗೂ ನಡೆದ ಜಟಾಪಟಿಯಾಗಿ ಕಂಡರು. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಪಹಣಿಯಲ್ಲಿ ಪಟ್ಟೇದಾರರ (ಮನೆತನದ ಯಜಮಾನರ) ಹೆಸರು, ಒಕ್ಕದವರ (ಮನೆತನದವರ) ಪಾಲು, ಬ್ಯಾಂಕ್ ಸಾಲ ಎಂದು ತಾಲೂಕು ಕಚೇರಿಗೆ ಅಲೆಯುವವರಿಗೆ ಆ ಪುಟಗಳು ಬೇಗ ಅರ್ಥವಾಗುತ್ತವೆ.