ಗುಡ್ಡದಡಿ ಎಣ್ಣೆ, ಒಲೆಗೆ ಸೌದೆ

2025ರ ಜೂನ್ 23. ಕಾಪು ಹತ್ತಿರದ ಪಾದೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದೆ. ಲೈನಿನ ಮೇಲೆ ಮರ ಬಿದ್ದು ರಾತ್ರಿಯಿಂದ ಕರೆಂಟ್ ಇಲ್ಲ. ಇನ್ವರ್ಟರ್ ಬೆಳಗಾಗುವಷ್ಟರಲ್ಲೇ ಕೈಕೊಟ್ಟಿತ್ತು. ಬುಕ್ ಮಾಡಿದ್ದ ಸಿಲಿಂಡರ್ ಮಳೆಗೆ ಬಂದಿರಲಿಲ್ಲ. ಇದ್ದದ್ದನ್ನು ದೊಡ್ಡಮ್ಮ ಒಮ್ಮೆ ಅಲ್ಲಾಡಿಸಿ ನೋಡಿ, "ಚಾಕ್ಕೆ ಸಾಕು, ಗಂಜಿಗೆ ಸಾಲದು" ಅಂದರು. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು ನೋಡಿ.

ಪೇಪರ್ ತುಂಬಾ ಇರಾನ್-ಇಸ್ರೇಲ್ ಯುದ್ಧದ್ದೇ ಸುದ್ದಿ. ಕೊಲ್ಲಿ ದೇಶಗಳ ಎಣ್ಣೆ ಹಡಗುಗಳು ಹೊರಬರುವ ಹಾರ್ಮುಜ್ ಜಲಸಂಧಿ ಮುಚ್ಚಲು ಇರಾನಿನ ಸಂಸತ್ತು ಒಪ್ಪಿದೆ ಅಂತ ಇತ್ತು. ದೊಡ್ಡಮ್ಮನಿಗೆ ಓದಿ ಹೇಳಿದೆ.

"ಎಣ್ಣೆ ನಮ್ಮ ಗುಡ್ಡದ ಅಡಿಯಲ್ಲೇ ಉಂಟಲ್ಲ ಮಾರಾಯ, ಮತ್ತೆಂಥ ಹೆದರಿಕೆ?"

ಉಂಟು, ನಿಜ. ಆಪತ್ತಿಗೆ ಇರಲಿ ಅಂತ ಸರಕಾರ ಪಾದೂರಿನ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುತ್ತದೆ. ಸುತ್ತಲಿನ ಅಂತರ್ಜಲದ ಒತ್ತಡವೇ ಅದನ್ನು ಸೋರದಂತೆ ತಡೆಯುವುದು. ಮಂಗಳೂರು, ವಿಶಾಖಪಟ್ಟಣದ್ದೂ ಸೇರಿದರೆ 53.3 ಲಕ್ಷ ಟನ್. ಪೂರ್ತಿ ತುಂಬಿದ್ದರೂ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಬರುವಷ್ಟು. ತೈಲ ಕಂಪನಿಗಳ ಟ್ಯಾಂಕಿನಲ್ಲಿರುವುದು ಬೇರೆ ಲೆಕ್ಕ.

ಆದರೆ ಅದು ಕಚ್ಚಾತೈಲ, ದೊಡ್ಡಮ್ಮನ ಒಲೆಗೆ ಬೇಕಾದ್ದು ಗ್ಯಾಸ್. ಆಗ ನಾವು ಉರಿಸುತ್ತಿದ್ದ ಗ್ಯಾಸಿನಲ್ಲಿ ಸುಮಾರು ಶೇ. 60 ಹೊರಗಿನಿಂದ ಬರುತ್ತಿತ್ತು, ಅದರಲ್ಲೂ ಹೆಚ್ಚಿನದು ಕೊಲ್ಲಿ ದೇಶಗಳಿಂದ, ಅದೇ ಜಲಸಂಧಿ ದಾಟಿ. ಮಂಗಳೂರಿನಲ್ಲಿ ಗ್ಯಾಸಿಗೂ ಒಂದು ಗುಹೆ ಮಾಡಿದ್ದಾರೆ, 80,000 ಟನ್ನಿನದು. ದೊಡ್ಡ ಸಂಖ್ಯೆ ಅನಿಸುತ್ತದೆ ಅಲ್ವಾ? ದೇಶದ ಹೆಚ್ಚುಕಡಿಮೆ ಒಂದು ದಿನದ ಖರ್ಚು, ಅಷ್ಟೆ. ನಾಲ್ಕು ಹಡಗು ತಡವಾದರೆ ಪೆಟ್ರೋಲಿಗಿಂತ ಮೊದಲು ಅಡುಗೆಮನೆಗೇ ಬಿಸಿ ತಟ್ಟೀತು ಅಂತ ನನಗನಿಸುವುದು ಇದಕ್ಕೇ.

ಇಷ್ಟೆಲ್ಲ ಹೇಳುವಷ್ಟರಲ್ಲಿ ದೊಡ್ಡಮ್ಮ ಎದ್ದು ಬಚ್ಚಲುಕೊಟ್ಟಿಗೆಗೆ ಹೋಗಿಯಾಗಿತ್ತು. ಮಳೆಗಾಲಕ್ಕೆಂದು ಎಪ್ರಿಲಿನಲ್ಲೇ ಒಟ್ಟಿದ್ದ ಸೌದೆ, ಮಡಲು, ತೆಂಗಿನ ಸಿಪ್ಪೆ ಎಲ್ಲ ಅಲ್ಲಿ ಒಣಗಿಕೊಂಡೇ ಇತ್ತು. ಸಿಪ್ಪೆ ಹೊತ್ತಿಸಿ, ಬೆಂಕಿ ಹಿಡಿದ ಮೇಲೆ ಸೌದೆ ದೂಡಿ, ಸ್ನಾನದ ನೀರಿನ ಒಲೆಯ ಮೇಲೆಯೇ ಗಂಜಿ ಇಟ್ಟರು. ಹೊಗೆಗೆ ನನ್ನ ಕಣ್ಣಲ್ಲಿ ನೀರು. ಫ್ಲ್ಯಾಟಿನಲ್ಲಿರುವ ನಾನು ಏನು ಹೊತ್ತಿಸಲಿ? ಇಂಡಕ್ಷನ್ ಇದೆ, ಅದಕ್ಕೂ ಕರೆಂಟೇ ಬೇಕು.

ಸಂಜೆ ಲೈನ್‌ಮ್ಯಾನ್‌ಗಳು ನೆನೆದುಕೊಂಡೇ ಮರ ಕಡಿದು ತಂತಿ ಎಳೆದರು. ಮರುದಿನ ಕದನವಿರಾಮದ ಸುದ್ದಿಯೂ ಬಂತು. ಜಲಸಂಧಿ ಮುಚ್ಚಲಿಲ್ಲ. ಅದನ್ನೂ ಹೇಳಿದೆ.

"ಆಯ್ತು. ಪೇಟೆಗೆ ಹೋದರೆ ಎರಡನೇ ಸಿಲಿಂಡರಿಗೆ ಡಿಪಾಸಿಟ್ ಎಷ್ಟಂತ ಕೇಳಿಕೊಂಡು ಬಾ" ಅಂದರು ದೊಡ್ಡಮ್ಮ.