ಮಗನೆಂದ ಮೇಲೆ

ಒಮಾನಿನ ರಾಜಧಾನಿ ಮಸ್ಕತ್ತಿನಲ್ಲಿ ಡಿಸೆಂಬರ್ 25 ಕೆಲಸದ ದಿನ. ಶುಕ್ರವಾರವೋ ಶನಿವಾರವೋ ಬಿದ್ದರೆ ಮಾತ್ರ ಹಬ್ಬಕ್ಕೆ ರಜೆ ದಕ್ಕುತ್ತದೆ. ಇಲ್ಲವಾದರೆ ಹಗಲೆಲ್ಲ ಕಚೇರಿಯ ಲೆಕ್ಕ ಬರೆದು, ಸಂಜೆ ಸ್ನಾನ ಮಾಡಿ, ಹೊಸ ಅಂಗಿ ತೊಟ್ಟು ರೂವಿ ಬಡಾವಣೆಯ ಚರ್ಚಿಗೆ ಹೋಗಬೇಕು. ಕಳೆದ ವರ್ಷವೂ ಹಾಗೆಯೇ ಆಯಿತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬೆಳೆದ ನನಗೆ ಕ್ರಿಸ್ತ ಜಯಂತಿ ಎಂದರೆ ವಾರದ ಮೊದಲೇ ಮನೆಗೆ ಸುಣ್ಣ ಬಳಿಯುವುದು, ಮಾಳಿಗೆಯ ಮೇಲೆ ಕಾಗದದ ನಕ್ಷತ್ರ ಕಟ್ಟುವುದು, ಕ್ಯಾರಲ್ ಹಾಡುತ್ತ ನಡುರಾತ್ರಿಯವರೆಗೆ ಓಣಿ ಓಣಿ ಸುತ್ತುವುದು, ಮರುದಿನ ನೆರೆಯ ಹಿಂದೂ ಮುಸ್ಲಿಂ ಮನೆಗಳಿಗೆಲ್ಲ ತಟ್ಟೆ ತುಂಬ ಕರ್ಜಿಕಾಯಿ ಚಕ್ಕಲಿ ಕೊಟ್ಟು ಬರುವುದು. ಇಲ್ಲಿ ಅಷ್ಟೂ ಹಬ್ಬ ಅಣ್ಣನ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, 24ರ ರಾತ್ರಿ ನಡೆಯುತ್ತದೆ.

ಅಣ್ಣ ಎಂದರೆ ನನ್ನ ದೊಡ್ಡಪ್ಪನ ಮಗ. ಇಪ್ಪತ್ತೈದು ವರ್ಷಗಳ ಹಿಂದೆ ಎಸಿ ಮೆಕ್ಯಾನಿಕ್ ಆಗಿ ಬಂದವನು. ನನಗೆ ಇಲ್ಲಿ ಕೆಲಸ ಹುಡುಕಿಕೊಟ್ಟವನೂ, ಮೊದಲ ನಾಲ್ಕು ತಿಂಗಳು ತನ್ನ ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವನೂ ಅವನೇ. ಆ ರಾತ್ರಿ ಅತ್ತಿಗೆ ಹಿಟ್ಟು ನಾದಿ ಎಲೆ ಲಟ್ಟಿಸಿಕೊಟ್ಟರು, ನಾನು ಹೂರಣ ತುಂಬಿದೆ, ಅಂಚು ಮಡಿಯುವ ಕೆಲಸವನ್ನು ಮಾತ್ರ ಅಣ್ಣ ಯಾರಿಗೂ ಬಿಡಲಿಲ್ಲ. ಪುಟಾಣಿ, ಕೊಬ್ಬರಿ, ಬೆಲ್ಲ, ಏಲಕ್ಕಿ ಎಲ್ಲವೂ ರೂವಿಯ ಅಂಗಡಿಗಳಲ್ಲಿ ಸಿಗುತ್ತವೆ. ಗಸಗಸೆಯ ಬದಲು ಎಳ್ಳು ಹಾಕುತ್ತೇವೆ, ಏಕೆಂದರೆ ಕೊಲ್ಲಿಯ ದೇಶಗಳಿಗೆ ಗಸಗಸೆಯ ಪೊಟ್ಟಣ ತಂದು ಫಜೀತಿಗೆ ಸಿಕ್ಕವರ ಕಥೆಯನ್ನು ಇಲ್ಲಿಗೆ ಬಂದ ಮೊದಲ ವಾರದಲ್ಲೇ ಎಲ್ಲರೂ ಕೇಳಿರುತ್ತಾರೆ. ಚಕ್ರ ಹಾಕಿ ಅಂಚು ಕತ್ತರಿಸಿದರೆ ಹತ್ತು ನಿಮಿಷದ ಕೆಲಸ. ಅಣ್ಣ ಹಾಗೆ ಮಾಡುವುದಿಲ್ಲ. ಅರ್ಧಚಂದ್ರದ ಒಂದು ತುದಿಯಿಂದ ಹೆಬ್ಬೆರಳಿನಲ್ಲಿ ಒತ್ತಿ, ಒಳಕ್ಕೆ ತಿರುವಿ, ಮತ್ತೆ ಒತ್ತಿ, ಜಡೆ ಹೆಣೆದಂತೆ ಇನ್ನೊಂದು ತುದಿಗೆ ಬರುತ್ತಾನೆ. ತಾಮ್ರದ ಕೊಳವೆ ಬಾಗಿಸಿ ಬಾಗಿಸಿ ಗಂಟುಬಿದ್ದ ಬೆರಳುಗಳು ಅವು. ಈ ಮಡಿಕೆ ದೊಡ್ಡಮ್ಮನದು; ನಮ್ಮ ಮನೆತನದಲ್ಲಿ ಬೇರೆ ಯಾರಿಗೂ ಅದು ಬರುವುದಿಲ್ಲ, ನನಗಂತೂ ಎಣ್ಣೆಗೆ ಬಿಟ್ಟೊಡನೆ ಬಾಯಿ ಬಿಡುತ್ತದೆ.

ರಾತ್ರಿ ಹತ್ತೂವರೆಗೆ ಫೋನು ಬಂತು. ಒಮಾನಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ, ಬಳ್ಳಾರಿಯಲ್ಲಿ ಆಗ ಸರಿಯಾಗಿ ಹನ್ನೆರಡು. ದೊಡ್ಡಮ್ಮ ಮಾತನಾಡಲಿಲ್ಲ, ಚರ್ಚಿನ ಗಂಟೆ ಕೇಳಿಸಲೆಂದು ಫೋನನ್ನು ಕಿಟಕಿಗೆ ಹಿಡಿದಿದ್ದರು. ಅಣ್ಣ ಹಿಟ್ಟಿನ ಕೈಯನ್ನು ಮೇಲೆತ್ತಿಕೊಂಡು ನಿಂತು ಕೇಳಿದ.

ಅಣ್ಣನನ್ನು ದೊಡ್ಡಪ್ಪ ದೊಡ್ಡಮ್ಮ ಅನಾಥಾಲಯದಿಂದ ತಂದಾಗ ಅವನಿಗೆ ಎರಡು ವರ್ಷ. ಅದು 1974. ಅವರು ಹೋದದ್ದು ದತ್ತು ಪಡೆಯಲೆಂದೇ, ಆದರೆ ಸಿಕ್ಕಿದ್ದು ದತ್ತು ಪತ್ರವಲ್ಲ. 1956ರ ದತ್ತಕ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ ಅನ್ವಯಿಸುವಂಥದು. ಕ್ರೈಸ್ತರಿಗೆ ಉಳಿದಿದ್ದ ದಾರಿಯೆಂದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಕೆಳಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಪಾಲಕರೆನಿಸಿಕೊಳ್ಳುವುದು. ಹುಡುಗ ಪ್ರಾಪ್ತವಯಸ್ಕನಾದ ದಿನ ಕಾನೂನಿನ ಕಣ್ಣಿಗೆ ಆ ಸಂಬಂಧವೂ ಮುಗಿದಂತೆಯೇ. ಧರ್ಮ ಯಾವುದೇ ಇರಲಿ, ದತ್ತು ಪಡೆಯಬಹುದೆಂಬ ದಾರಿ ತೆರೆದದ್ದು 2000ದ ಬಾಲನ್ಯಾಯ ಕಾಯ್ದೆ ಮತ್ತು ಅದರ 2006ರ ತಿದ್ದುಪಡಿಯಿಂದ. ಈಗಿರುವ 2015ರ ಕಾಯ್ದೆಯಂತೂ ದತ್ತು ಮಗು ಎಲ್ಲ ಅರ್ಥದಲ್ಲೂ ಆ ತಂದೆತಾಯಿಗೇ ಹುಟ್ಟಿದ ಮಗುವಿನಂತೆ ಎಂದು ಬಿಡಿಸಿ ಹೇಳುತ್ತದೆ. ಆದರೆ ದೊಡ್ಡಪ್ಪ ತೀರಿಕೊಂಡದ್ದು 1996ರಲ್ಲಿ, ಮರಣಪತ್ರ ಬರೆಯದೆ. ಮಗನಿದ್ದಾನಲ್ಲ, ಮತ್ತೇಕೆ ಬರೆಯುವುದು ಎಂದುಕೊಂಡಿದ್ದಿರಬೇಕು.

ಮುಂದಿನದನ್ನು ಬರೆಯಲು ನನಗೆ ಸಂಕೋಚವಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ನೇರ ಸಂತತಿಯಿಲ್ಲದೆ ತೀರಿಹೋದ ಕ್ರೈಸ್ತನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ. ಉಳಿದರ್ಧ, ತಂದೆತಾಯಿಯೂ ಇಲ್ಲವಾದರೆ, ಒಡಹುಟ್ಟಿದವರಿಗೆ. ವಕೀಲರು ಹಾಗೆಂದು ಹೇಳಿದ್ದನ್ನು ನಮ್ಮಪ್ಪ ಎರಡನೆಯ ಸಲ ಕೇಳಲಿಲ್ಲ. ಸೋದರತ್ತೆ ತನ್ನ ಪಾಲು ಬೇಡವೆಂದರು, ಅಪ್ಪ ಬೇಡವೆನ್ನಲಿಲ್ಲ. ಕೌಲ್ ಬಜಾರಿನ ಆ ಮನೆಯ ಎರಡು ಅಂಕಣ ಹೀಗೆ ನಮ್ಮ ಕಡೆಗೆ ಬಂದು, ಅಪ್ಪನ ನಂತರ ನನ್ನ ಹೆಸರಿಗೆ ಆಗಿ, ಅದರ ಬಾಡಿಗೆ ಇವತ್ತಿಗೂ ಪ್ರತಿ ತಿಂಗಳು ನನ್ನ ಖಾತೆಗೆ ಬೀಳುತ್ತದೆ. ಅಣ್ಣ ಒಂದು ದಿನವೂ ಆ ಮಾತೆತ್ತಿಲ್ಲ.

ಇಷ್ಟೆಲ್ಲ ಹೇಳಿದ್ದು 25ರ ರಾತ್ರಿಯ ಆರಾಧನೆಯ ಸಲುವಾಗಿ. ರೂವಿಯಲ್ಲಿ ಸುಲ್ತಾನರು ಕೊಟ್ಟ ಜಾಗದಲ್ಲಿ ಕಥೋಲಿಕರ, ಪ್ರೊಟೆಸ್ಟಂಟರ ಚರ್ಚುಗಳು ಅಕ್ಕಪಕ್ಕದಲ್ಲಿವೆ. ಒಂದೇ ಕಟ್ಟಡದಲ್ಲಿ ಮಲಯಾಳಿಗಳು, ತಮಿಳರು, ತೆಲುಗರು, ಫಿಲಿಪ್ಪೀನ್ಸಿನವರು ಸಮಯ ಹಂಚಿಕೊಂಡು ಕೂಡುತ್ತಾರೆ. ನಮ್ಮ ಪುಟ್ಟ ಕನ್ನಡ ಕೂಟಕ್ಕೆ ಸಿಕ್ಕಿದ್ದು ಎಂಟು ಗಂಟೆ. ಹಿಂದಿನ ಕೂಟದವರು ಬಿಟ್ಟುಹೋದ ಗೋದಲಿಯ ಮುಂದೆಯೇ ನಾವೂ ಹಾಡಿದೆವು. ಸತ್ಯವೇದದ ಪಾಠವನ್ನು ಅಣ್ಣ ಓದಿದ: ಅಪೊಸ್ತಲನಾದ ಪೌಲನು ಗಲಾತ್ಯದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯ. ಕಾಲ ತುಂಬಿ ಬಂದಾಗ ದೇವರು ತನ್ನ ಮಗನನ್ನು ಕಳುಹಿಸಿದನು, ಆತನು ಸ್ತ್ರೀಯಲ್ಲಿ ಹುಟ್ಟಿದನು, ನಮಗೆ ಮಕ್ಕಳ ಪದವಿ ದೊರೆಯಲೆಂದು ಹಾಗಾಯಿತು. ಆದ್ದರಿಂದ ನೀನು ಇನ್ನು ದಾಸನಲ್ಲ, ಮಗನು. ಮಗನೆಂದ ಮೇಲೆ ಬಾಧ್ಯನೂ ಹೌದು. ಆಸ್ತಿಯ ಹಕ್ಕುದಾರ ಎಂಬರ್ಥದ ಆ ‘ಬಾಧ್ಯ’ ಎಂಬ ಪದ ಬಂದಾಗ ನಾನು ನೆಲ ನೋಡಿದೆ. ಅಣ್ಣನ ದನಿಯಲ್ಲಿ ಏನೂ ವ್ಯತ್ಯಾಸವಾಗಲಿಲ್ಲ.

ಅಲ್ಲಿ ‘ಮಕ್ಕಳ ಪದವಿ’ ಎಂದು ನಾವು ಓದುವ ಕಡೆ ಮೂಲದ ಗ್ರೀಕಿನಲ್ಲಿರುವುದು ‘ಹ್ಯುಯೊಥೆಸಿಯ’, ಅಂದರೆ ದತ್ತು ಸ್ವೀಕಾರ. ಹೊಸ ಒಡಂಬಡಿಕೆಯಲ್ಲಿ ಈ ಪದ ಐದೇ ಸಲ ಬರುತ್ತದೆ, ಐದೂ ಪೌಲನ ಹೆಸರಿನ ಪತ್ರಗಳಲ್ಲಿ. ಭಕ್ತಿಯ ಪದವಲ್ಲ ಇದು, ಕಚೇರಿಯ ಪದ. ರೋಮನ್ನರ ಕಾನೂನಿನಲ್ಲಿ ದತ್ತು ಹೋದವನು ಹಳೆಯ ಕುಲದಿಂದ ಬಿಡುಗಡೆ ಹೊಂದಿ, ಹೊಸ ತಂದೆಯ ಹೆಸರನ್ನೂ ಆಸ್ತಿಯನ್ನೂ ಹೊಟ್ಟೆಯಲ್ಲಿ ಹುಟ್ಟಿದವನಷ್ಟೇ ಪೂರ್ಣವಾಗಿ ಪಡೆಯುತ್ತಿದ್ದನು. ಲೂಕನ ಸುವಾರ್ತೆಯಲ್ಲಿ ಯೇಸುವಿನ ಜನನಕ್ಕೆ ಪೀಠಿಕೆಯಾಗಿ ಖಾನೇಷುಮಾರಿಯ ಆಜ್ಞೆ ಹೊರಡಿಸುವ ಚಕ್ರವರ್ತಿ ಔಗುಸ್ತನೇ ದತ್ತು ಮಗ. ಜೂಲಿಯಸ್ ಸೀಸರನ ಸೋದರಿಯ ಮೊಮ್ಮಗನಾದ ಅವನನ್ನು ಸೀಸರನು ಮರಣಪತ್ರದಲ್ಲಿ ಮಗನೆಂದು ಬರೆದಿದ್ದನು. ಸೀಸರನನ್ನು ದೇವರೆಂದು ಘೋಷಿಸಿದ ಮೇಲೆ ‘ದೈವೀಕೃತನ ಮಗ’ ಎಂಬ ಬಿರುದು ಔಗುಸ್ತನ ನಾಣ್ಯಗಳ ಮೇಲೆ ಏರಿತು. ಅಂದಮೇಲೆ ಆ ಕಾಲದಲ್ಲಿ ದೇವರ ಮಗನೆನಿಸಿಕೊಳ್ಳುವುದು ರಾಜಠೀವಿಯ ಮಾತು. ಅದನ್ನು ಪೌಲನು ದಾಸರೂ ಕೂಲಿಯವರೂ ಇದ್ದ ಸಭೆಗಳಿಗೆ ಹೇಳಿದ. ಇನ್ನೊಂದು ಕಡೆ, ಮತ್ತಾಯನು ಬರೆದ ವಂಶಾವಳಿ ದಾವೀದನಿಂದ ಇಳಿದು ಬಂದು ಮುಟ್ಟುವುದು ಯೋಸೇಫನನ್ನು. ಯೇಸು ಅವನ ರಕ್ತದಿಂದ ಹುಟ್ಟಿದವನಲ್ಲವೆಂದು ಅದೇ ಅಧ್ಯಾಯ ಹೇಳುತ್ತದೆ. ಮಗುವಿಗೆ ಹೆಸರಿಟ್ಟು ತನ್ನದೆಂದವನು ಯೋಸೇಫ. ಗೋದಲಿಯ ಬದಿಯಲ್ಲಿ ಕೋಲು ಹಿಡಿದು ಸುಮ್ಮನೆ ನಿಂತಿರುವ ಆ ಗೊಂಬೆಯನ್ನು ಮಕ್ಕಳು ಕೊನೆಗೆ ಜೋಡಿಸುತ್ತಾರೆ, ಕೆಲವೊಮ್ಮೆ ಕುರುಬನೆಂದು ತಿಳಿದು ಆಚೆ ಇಡುತ್ತಾರೆ.

ಎಲ್ಲರೂ ದೇವರ ಮಕ್ಕಳೇ ಎನ್ನುವುದು ನಮ್ಮೂರಿನ ಯಾವ ಕಟ್ಟೆಯ ಮೇಲೂ ಕೇಳಿಬರುವ ಮಾತು, ಅದಕ್ಕೆ ಸತ್ಯವೇದದಲ್ಲಿಯೂ ಆಧಾರವಿದೆ. ಅಥೇನೆಯಲ್ಲಿ ಮಾತನಾಡುತ್ತ ಪೌಲನೇ ನಾವು ದೇವರ ಸಂತಾನದವರು ಎಂಬ ಗ್ರೀಕ್ ಕವಿಯ ನುಡಿಯನ್ನು ಒಪ್ಪಿಕೊಂಡಿದ್ದಾನೆ. ಯೋಹಾನನಾದರೋ ತನ್ನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ಯೇಸುವನ್ನು ಅಂಗೀಕರಿಸಿ ನಂಬಿದವರಿಗೆ ದೇವರ ಮಕ್ಕಳಾಗುವ ಅಧಿಕಾರ ದೊರೆಯಿತು, ಅವರು ರಕ್ತಸಂಬಂಧದಿಂದ ಹುಟ್ಟಿದವರಲ್ಲ ಎನ್ನುತ್ತಾನೆ. ಈ ಎರಡನೆಯ ಮಾತನ್ನು ಹೊರಗಿನವರನ್ನು ದೂರವಿಡುವ ಬೇಲಿಯಂತೆ ಬಳಸಿದ ಪ್ರಸಂಗಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ, ನನಗೆ ಅವು ಹಿಡಿಸಿಲ್ಲ. ರಕ್ತಸಂಬಂಧದಿಂದಲ್ಲ ಎಂಬ ಮಾತು ಮೊದಲು ತಟ್ಟಬೇಕಾದದ್ದು ಹೊರಗಿನವರನ್ನಲ್ಲ, ನನ್ನಂತೆ ನಾಲ್ಕು ತಲೆಮಾರಿನಿಂದ ಚರ್ಚಿನ ಬೆಂಚಿನ ಮೇಲೆ ಕುಳಿತವರನ್ನು.

ದೇವರ ಮಕ್ಕಳೆನಿಸಿಕೊಂಡವರು ಏನೆಂದು ಕರೆಯಬೇಕು ಎಂಬುದನ್ನೂ ಆ ಪಾಠವೇ ಹೇಳುತ್ತದೆ. ಯೇಸು ಆಡುತ್ತಿದ್ದ ಅರಮಾಯಿಕದ ‘ಅಬ್ಬಾ’ ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಮೂರು ಕಡೆ ಹಾಗೆಯೇ ಉಳಿದಿದೆ: ಗೆತ್ಸೇಮನೆ ತೋಟದ ಪ್ರಾರ್ಥನೆಯಲ್ಲಿ ಒಮ್ಮೆ, ಪೌಲನ ಪತ್ರಗಳಲ್ಲಿ ಎರಡು ಸಲ. ಬೇರೆ ಎಷ್ಟೋ ಭಾಷೆಗಳಲ್ಲಿ ಪರದೇಶದ ಪದವಾಗಿ ನಿಲ್ಲುವ ಅದು ಕನ್ನಡದಲ್ಲಿ ‘ಅಪ್ಪಾ, ತಂದೆಯೇ’ ಎಂದು ತಾನಾಗಿ ಕೂತಿದೆ. ಸತ್ಯವೇದವನ್ನು ಕನ್ನಡಕ್ಕೆ ತರುವ ಮೊದಲ ದೊಡ್ಡ ಕೆಲಸ ನಡೆದದ್ದು ನಮ್ಮ ಬಳ್ಳಾರಿಯಲ್ಲೇ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದ ಆ ಅನುವಾದ 1831ರ ಹೊತ್ತಿಗೆ ಪೂರ್ತಿಯಾಗಿ ಅಚ್ಚಾಯಿತು. ಅಣ್ಣ ಪಾಠ ಓದುವಾಗ ಆ ಪದವನ್ನು ಪುಸ್ತಕದ ಪದದಂತೆ ಓದಲಿಲ್ಲ. ಶಾಲೆ ಬಿಟ್ಟು ಬಂದು ಬಾಗಿಲಲ್ಲೇ ಚೀಲ ಎಸೆದು ದೊಡ್ಡಪ್ಪನನ್ನು ಕರೆಯುತ್ತಿದ್ದ ದನಿ ಅದು.

ಸಭಾಪಾಲಕರ ಪ್ರಸಂಗ ಚಿಕ್ಕದಾಗಿತ್ತು. ಮುಂದಿನ ಕೂಟದವರು ಹೊರಗೆ ಕಾಯುತ್ತಿದ್ದರು. ಯೇಸು ಹೇಳಿದ ದೃಷ್ಟಾಂತಕಥೆಗಳಲ್ಲಿ ಒಂದಾದ ತಪ್ಪಿಹೋದ ಮಗನ ಸಾಮ್ಯವನ್ನು ಅವರು ಎತ್ತಿಕೊಂಡರು. ದೂರದೇಶದಲ್ಲಿ ಆಸ್ತಿ ಕಳೆದ ಕಿರಿಮಗ, ನನ್ನನ್ನು ನಿನ್ನ ಕೂಲಿಯಾಳಿನಂತೆ ಇಟ್ಟುಕೋ ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬರುತ್ತಾನೆ, ಆದರೆ ಅದನ್ನು ಪೂರ್ತಿ ಹೇಳುವ ಮೊದಲೇ ತಂದೆ ನಿಲುವಂಗಿ ತರಿಸುತ್ತಾನೆ. ಹಿರಿಮಗನೋ ಇಷ್ಟು ವರ್ಷ ನಿನಗೆ ದಾಸನ ಹಾಗೆ ದುಡಿದೆನಲ್ಲ ಎಂದು ಲೆಕ್ಕ ಒಪ್ಪಿಸುತ್ತಾನೆ. ಸಂಬಳಕ್ಕೆ ದುಡಿಯುವ ನಮಗೆಲ್ಲ ಈ ಲೆಕ್ಕ ಬಲು ಬೇಗ ಅರ್ಥವಾಗುತ್ತದೆ. ಇಲ್ಲಿ ನಮ್ಮ ವಾಸ ರೆಸಿಡೆಂಟ್ ಕಾರ್ಡಿನ ಅವಧಿಯಷ್ಟು, ಕಂಪನಿಗೆ ಬೇಕಾಗಿರುವಷ್ಟು ದಿನ. ದಾಸನು ಮನೆಯಲ್ಲಿ ಸದಾಕಾಲ ಇರುವವನಲ್ಲ, ಮಗನು ಸದಾಕಾಲ ಇರುತ್ತಾನೆ ಎಂದು ಯೇಸು ಹೇಳಿದ್ದು ಯೋಹಾನನ ಎಂಟನೆಯ ಅಧ್ಯಾಯದಲ್ಲಿದೆ. ಅದನ್ನು ಬಳ್ಳಾರಿಯಲ್ಲಿ ಎಷ್ಟೋ ಸಲ ಓದಿದ್ದರೂ ಅದು ವೀಸಾದ ಮಾತೆಂದು ಮಸ್ಕತ್ತಿಗೆ ಬಂದ ಮೇಲೆಯೇ ನನಗೆ ಹೊಳೆದದ್ದು. ಮಗ ಮನೆಯಲ್ಲಿರಲು ಒಳ್ಳೆಯವನೇ ಆಗಿರಬೇಕಾಗಿಲ್ಲ, ಆದರೆ ಮನೆಯವನಾದ ಮೇಲೆ ತಂದೆಯ ನಡೆ ಒಂದಿಷ್ಟು ಅಂಟದೆ ಇರುವುದಿಲ್ಲ. ಸಮಾಧಾನಪಡಿಸುವವರು ದೇವರ ಮಕ್ಕಳೆನಿಸಿಕೊಳ್ಳುವರು ಎಂಬುದನ್ನು ನಾನು ಹಾಗೆ ಓದಿಕೊಳ್ಳುತ್ತೇನೆ. ಎರಡು ಅಂಕಣ ಕಳೆದುಕೊಂಡೂ ನನಗೆ ವೀಸಾ ಮಾಡಿಸಿಕೊಟ್ಟವನು ಎದುರಿಗಿರುವಾಗ ಬೇರೆ ರೀತಿ ಓದಲು ಬರುವುದಿಲ್ಲ.

ಊಟ ಅಣ್ಣನ ಮನೆಯಲ್ಲಿ. ಬಿರಿಯಾನಿ ಮುಗಿಸಿ ಕರ್ಜಿಕಾಯಿಯ ಡಬ್ಬಿ ತೆರೆದಾಗ ನಾನು ಫೋನಿನಲ್ಲಿ ಒಂದು ಕಾಗದ ತೆಗೆದು ಅವನ ಕೈಗೆ ಕೊಟ್ಟೆ. ಬಳ್ಳಾರಿಯ ವಕೀಲರು ಕಳಿಸಿದ ದಾನಪತ್ರದ ಕರಡು ಅದು. ಎಂಬೆಸಿಗೆ ಹೋಗಿ ಮುಖ್ತ್ಯಾರನಾಮೆ ಮಾಡಿಸಿದರೆ ಉಳಿದದ್ದು ಊರಿನಲ್ಲಿ ನಡೆಯುತ್ತದೆ. ಮೂರು ತಿಂಗಳಿಂದ ನನ್ನ ಬಳಿಯೇ ಇತ್ತು.

ಅಣ್ಣ ಕನ್ನಡಕ ಏರಿಸಿ ಓದಿದ. ಚಕ್ಕುಬಂದಿಯನ್ನೂ ಅಂಕಣದ ಲೆಕ್ಕವನ್ನೂ ಹಾಗೇ ದಾಟಿ, ಮತ್ತೆ ಮೇಲಕ್ಕೆ ಹೋಗಿ, ದಾನ ಪಡೆಯುವವರ ಹೆಸರಿದ್ದ ಸಾಲನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದ. ಅವನ ಹೆಸರು, ಆಮೇಲೆ ‘ಬಿನ್’, ಆಮೇಲೆ ದೊಡ್ಡಪ್ಪನ ಹೆಸರು. ಈ ಊರಿನಲ್ಲಿ ಪ್ರತಿ ಅಂಗಡಿಯ ಫಲಕದ ಮೇಲೂ ನೋಡುವ ಅದೇ ಅರಬ್ಬಿ ‘ಬಿನ್’ ನಮ್ಮ ಕನ್ನಡ ಪತ್ರಗಳಲ್ಲಿಯೂ ಉಳಿದಿದೆ.

“ಕೋರ್ಟಿನ ಹಳೇ ಕಾಗದದಾಗ ಇದು ಇರಲಿಲ್ಲ ನೋಡು ತಮ್ಮಾ,” ಎಂದ. “ಪಾಲಕರು ಅಂತ ಇತ್ತು.”

ಅತ್ತಿಗೆ ಒಳಗಿನಿಂದ, ದೊಡ್ಡಮ್ಮನಿಗೆ ಫೋನ್ ಮಾಡಿದಿರೇನು, ಮಲಗಿಬಿಡುತ್ತಾರೆ ಎಂದು ಕೂಗಿದರು. ಅಣ್ಣ ಬೆರಳಿಗಂಟಿದ್ದ ಎಳ್ಳನ್ನು ಒರೆಸಿಕೊಂಡು, ಇನ್ನೂ ನನ್ನ ಫೋನನ್ನೇ ಹಿಡಿದುಕೊಂಡು, ಬಳ್ಳಾರಿಗೆ ಕರೆ ಹಚ್ಚಿದ.